ಕನ್ನಡಕದ ಡಬ್ಬಿಯಲ್ಲಿ ಒಂಬತ್ತು ಮಾತ್ರೆ

ರೀ,

ಕನ್ನಡಕ ಒರೆಸಿಡೋಣ ಅಂತ ಡಬ್ಬಿ ತೆಗೆದರೆ ಒಂಬತ್ತು ಮಲೇರಿಯಾ ಮಾತ್ರೆ ಸಿಕ್ಕಿತು. ಹದಿನಾಲ್ಕು ದಿನ ತಪ್ಪಿಸಬೇಡಿ ಅಂತ ಬೀದಿಬೀದೀಲಿ ಗಂಟಲು ಹರ್ಕೊಳ್ಳೋಳು ನಾನು. ನೀವು ಐದು ದಿನ ನುಂಗಿ, ಜ್ವರ ಬಿಡ್ತು, ಉಳಿದದ್ದು ಮುಂದಿನ ಸಲಕ್ಕಾಗುತ್ತೆ ಅಂತ ಎತ್ತಿಟ್ಟಿದ್ದೀರಿ. ನಿನ್ನೆ ಸಂಜೆ ಕಂಬಳಿ ಹೊದ್ದು ಕೂತಿದ್ದು ಯಾಕೆ ಅಂತ ಈಗ ತಿಳೀತು.

ಗಂಜಿ ಮುಚ್ಚಿಟ್ಟಿದ್ದೀನಿ, ಕುಡೀರಿ. ಹತ್ತು ಗಂಟೆಗೆ ಆಸ್ಪತ್ರೆಗೆ ಬಂದು ಪರೀಕ್ಷೆಗೆ ರಕ್ತ ಕೊಡಿ. ಡಾಕ್ಟರು ಹೇಳೋವರೆಗೂ ಆ ಮಾತ್ರೆ ಮುಟ್ಟಬೇಡಿ.

ಸೊಳ್ಳೆ ಪರದೇನ ಟೊಮೇಟೊ ಗಿಡದ ಮೇಲಿಂದ ತೆಗೆದು ಮಂಚಕ್ಕೆ ಕಟ್ಟಿ. ಗಿಡಕ್ಕೇನೂ ಚಳಿಜ್ವರ ಬರಲ್ಲ.

ಮಾತ್ರೆ ಅರ್ಧಕ್ಕೆ ಬಿಟ್ಟವರ ಪಟ್ಟಿ ಇವತ್ತು ಡಾಕ್ಟರಿಗೆ ಕೊಡಬೇಕು. ಸಿಟ್ಟು ಮಾಡ್ಕೋಬೇಡಿ, ಮೊದಲನೇ ಹೆಸರು ಇಲ್ಲೇ ಅಡಿಗೆಮನೇಲಿ ನಿಂತು ಬರ್ಕೊಂಡೆ.