ಅಕ್ಕನ ಕೆನ್ನೆಯ ಗುರುತು

ವಕ್ಕಲೇರಿ,
ಸೋಮವಾರ

ಸ್ಟುಡಿಯೋ ಮುರಳಿಮೋಹನ್ ಅಣ್ಣನವರಿಗೆ,

ಡೈರಿ ಮುನೇಶ್ ಅವರ ಮನೆಯವಳು ಶೋಭಾರಾಣಿ ಬರೆಯುವುದು.

ತೀರಿಕೊಂಡ ನಮ್ಮಕ್ಕ ರಜನಿಯ ಹಳೇ ಫೋಟೋವನ್ನು ನೀವು ಕಂಪ್ಯೂಟರಿನಲ್ಲಿ ಎಣ್ಣೆಬಣ್ಣದ ಚಿತ್ರದಂತೆ ಮಾಡಿಕೊಟ್ಟಿರಿ. ಕುಂಚದ ಗೆರೆಗಳು ನಿಜವೇನೋ ಎಂದು ನಾನೂ ಮುಟ್ಟಿ ನೋಡಿದೆ. ಯಜಮಾನರು ಈಗ ಕಾಫಿ ಕುಡಿಯುವುದೂ ಅದರ ಎದುರಿಗೇ. "ನಿಮ್ಮಕ್ಕ ಹಿಂಗೇ ಇದ್ಲು ಕಣೇ" ಅಂತಾರೆ.

ಹಾಗೇನೂ ಇರಲಿಲ್ಲ. ಎಡಗೆನ್ನೆಯ ಮೇಲೆ ಗಾಯದ ಗುರುತಿತ್ತು. ನೀವು ಅದನ್ನು ಅಳಿಸಿದ್ದೀರಿ.

ಅಕ್ಕ ತೀರಿಕೊಂಡ ವರ್ಷವೇ ಹಿರಿಯರು ನನ್ನನ್ನು ಅವಳ ಗಂಡನಿಗೇ ಧಾರೆ ಎರೆದರು. ಅವಳ ಸೀರೆ, ಅವಳ ಒಲೆ ಎಲ್ಲ ನನಗೇ ಬಂದವು. ನನ್ನ ಫೋಟೋ ಮಾತ್ರ ಯಾರೂ ನಿಮ್ಮಲ್ಲಿಗೆ ತರಲಿಲ್ಲ.

ದಯವಿಟ್ಟು ಆ ಗುರುತನ್ನು ಮತ್ತೆ ಹಾಕಿಕೊಡಿ. ಚಿಕ್ಕಂದಿನಲ್ಲಿ ಸೌಟು ಬೀಸಿ ಅದನ್ನು ಮಾಡಿದವಳು ನಾನು. ಆ ಚಿತ್ರದಲ್ಲಿ ನನ್ನದೂ ಒಂದಿರಲಿ.

ಇವರಿಗೆ ಹೇಳಬೇಡಿ.

ನಿಮ್ಮ ತಂಗಿಯಂಥವಳು,
ಶೋಭಾರಾಣಿ