ಮಲಗಿದಾಗ ಸರಿಯಿದ್ದ ಎದೆ

ದೊಡ್ಡಬಳ್ಳಾಪುರ
೧೨-೨-೧೯೭೪, ಮಂಗಳವಾರ

ಪ್ರೀತಿಯ ಅಕ್ಕ ಆದಿಲಕ್ಷ್ಮಿಗೆ ನಿನ್ನ ತಂಗಿ ರುಕ್ಮಿಣಿಯ ನಮಸ್ಕಾರಗಳು.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಬರೆಯಲು ಹೊರಟೆ, ಕೈ ಬರಲಿಲ್ಲ. ಸಂಕ್ರಾಂತಿಗೆ ನೀನು ಕಳಿಸಿದ ಅವರೆಕಾಯಿ, ಕಬ್ಬು ಎಲ್ಲ ತಲುಪಿದವು. ಒಂದು ಸಾಲು ಬರೆಯಲಿಲ್ಲವೆಂದು ನಿನಗೆ ಸಿಟ್ಟು ಬಂದಿರುವುದನ್ನು ಇವರು ಓಡಿಸುವ ಬಸ್ಸಿನ ಕಂಡಕ್ಟರ್ ಬೈರಪ್ಪ ಹೇಳಿದ. ಬೈಯಬೇಡ ಅಕ್ಕ. ಈ ಕಾಗದವನ್ನು ಅವನ ಕೈಲೇ ಕೊಟ್ಟಿದ್ದರೆ ಇವತ್ತೇ ಸಾಸಲಿನಲ್ಲಿ ನಿನ್ನ ಕೈ ಸೇರುತ್ತಿತ್ತು. ಬೇಕೆಂದೇ ಅಂಚೆಗೆ ಹಾಕುತ್ತಿದ್ದೇನೆ. ಓದಿದ ಮೇಲೆ ಒಲೆಗೆ ಹಾಕಿಬಿಡು.

ದೀಪಾವಳಿಯಿಂದ ಈಚೆಗೆ ಇವರಿಗೆ ಎದೆ ಹಿಡಿದಂತೆ ಆಗುತ್ತಿದೆ. ಮುದ್ದೆ ಉಂಡು ಬಸ್ ಸ್ಟ್ಯಾಂಡಿಗೆ ನಡೆಯುವಾಗ ಅರ್ಧ ದಾರಿಯಲ್ಲಿ ನಿಂತುಬಿಡುತ್ತಾರೆ. ಯಾರಾದರೂ ನೋಡಿದರೆ ಚಪ್ಪಲಿಗೆ ಮುಳ್ಳು ಚುಚ್ಚಿದೆ ಎನ್ನುತ್ತಾರೆ. ದಿನಾ ಅದೇ ಜಾಗದಲ್ಲಿ ಅದೆಂಥ ಮುಳ್ಳೋ! ನಮ್ಮತ್ತೆ ಇದು ವಾಯು ಎಂದು ಓಮದ ಕಷಾಯ ಕುಡಿಸಿದ್ದೇ ಕುಡಿಸಿದ್ದು.

ಕೊನೆಗೆ ನಮ್ಮೂರ ಡಾಕ್ಟರ ಹತ್ತಿರ ಹೋದೆವು. ಅವರು ಮಂಚದ ಮೇಲೆ ಮಲಗಿಸಿ, ಕೈಕಾಲಿಗೆ ಪಟ್ಟಿ ಕಟ್ಟಿ ಇ.ಸಿ.ಜಿ. ತೆಗೆದರು. ಗೆರೆಗಳೆಲ್ಲ ಸರಿಯಾಗಿವೆ ಎಂದು ಬರೆದುಕೊಟ್ಟರು. ನನಗೆ ಹೋದ ಜೀವ ಬಂದಂತಾಯಿತು. ಆದರೆ ಅವರೇ, "ನಡೆದಾಗ ನೋವು ಬರ್ತದೆ ಅಂತೀಯಲ್ಲ ಮುನಿವೆಂಕಟಪ್ಪ, ಅದು ಯಾಕೋ ನಂಗೆ ಸರಿ ಕಾಣ್ತಿಲ್ಲ. ಬೆಂಗಳೂರಲ್ಲಿ ಒಂದ್ಸಲ ತೋರಿಸ್ಬಿಡು" ಎಂದರು.

ಬೆಂಗಳೂರಿನ ಡಾಕ್ಟರು ಇವರನ್ನು ಮಲಗಿಸಿ ಬಿಟ್ಟುಬಿಡಲಿಲ್ಲ. ಅಲ್ಲೊಂದು ಮರದ ಮೆಟ್ಟಿಲು ಇಟ್ಟಿದ್ದಾರೆ, ಎರಡೇ ಮೆಟ್ಟಿಲು. ಈ ಕಡೆಯಿಂದ ಹತ್ತಿ ಆ ಕಡೆ ಇಳಿಯಬೇಕು, ತಿರುಗಿ ಹತ್ತಬೇಕು, ಅವರು ಗಡಿಯಾರ ಹಿಡಿದು ನಿಂತಿರುತ್ತಾರೆ. ಮೊದಮೊದಲು ಇವರು ನನ್ನ ಕಡೆ ನೋಡಿ ನಗುತ್ತಿದ್ದರು. ಸ್ವಲ್ಪ ಹೊತ್ತಿಗೆ ನಗು ನಿಂತಿತು, ತುಟಿ ಬೂದಿ ಬಣ್ಣಕ್ಕೆ ತಿರುಗಿತು. ಡಾಕ್ಟರು ತೋಳು ಹಿಡಿದು ಮಲಗಿಸಿ ಮತ್ತೆ ಇ.ಸಿ.ಜಿ. ತೆಗೆದರು. ಈ ಸಲ ಗೆರೆ ಕೆಳಕ್ಕೆ ಜಗ್ಗಿತ್ತು ಅಕ್ಕ. ನನಗೇ ಕಾಣುವಂತೆ ಜಗ್ಗಿತ್ತು.

"ನಮ್ಮೂರಲ್ಲಿ ಸರಿ ಅಂದ್ರಲ್ಲ ಸ್ವಾಮಿ, ಹಂಗಾದ್ರೆ ಯಾವ ಮಿಷನ್ನು ಸುಳ್ಳು?" ಎಂದು ಕೇಳಿದೆ.

"ಎರಡೂ ಸುಳ್ಳಲ್ಲ ಕಣಮ್ಮ. ಖಾಲಿ ಬಸ್ಸು ಇಳಿಜಾರಲ್ಲಿ ಚೆನ್ನಾಗೇ ಓಡ್ತದೆ. ಜನ ತುಂಬ್ಕೊಂಡು ದಿಣ್ಣೆ ಹತ್ತುವಾಗ ತಾನೇ ಎಂಜಿನ್ ಹಣೆಬರಹ ಗೊತ್ತಾಗೋದು? ಇವರ ಎದೆಯ ರಕ್ತನಾಳ ಕಿರಿದಾಗಿದೆ. ಮಲಗಿದ್ರೆ ಅಷ್ಟು ರಕ್ತ ಸಾಕು, ದುಡಿದ್ರೆ ಸಾಲಲ್ಲ" ಎಂದರು.

ಎಷ್ಟು ಕಿರಿದಾಗಿದೆ ಎಂದರೆ ಅದನ್ನು ಮೆಟ್ಟಿಲು ಹೇಳುವುದಿಲ್ಲವಂತೆ. ವೆಲ್ಲೂರಿಗೆ ಹೋಗಿ, ನಾಳದೊಳಗೆ ಕೊಳವೆ ತೂರಿಸಿ, ಔಷಧಿ ಬಿಟ್ಟು ಫಿಲ್ಮು ತೆಗೆಸಬೇಕಂತೆ. ಅದರಲ್ಲಿ ಕಿರಿದಾದ ಜಾಗವೇ ಕಣ್ಣಿಗೆ ಕಾಣುತ್ತದಂತೆ. ಹಾಗೆಂದು ಅದು ಅಪಾಯವಿಲ್ಲದ ಪರೀಕ್ಷೆಯಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. "ಅಲ್ಲಿವರೆಗೂ ಸ್ಟೀರಿಂಗ್ ಮುಟ್ಟಬೇಡಿ" ಎಂದು ಎರಡು ಸಲ ಹೇಳಿದರು.

ಹೊರಗೆ ಬಂದಿದ್ದೇ ತಡ, ಇವರು ಶುರುಮಾಡಿದರು. "ನಾನೇನು ಮೆಟ್ಲು ಹತ್ತೋ ಕೆಲಸ ಮಾಡ್ತೀನೇನೇ? ಸೀಟಲ್ಲಿ ಕೂತಿರ್ತೀನಿ. ಕೂತೋನಿಗೆ ಮಲಗಿಸಿ ನೋಡಿದ್ದೇ ಸರಿಯಾದ ಪರೀಕ್ಷೆ. ನಮ್ಮೂರ ಡಾಕ್ಟ್ರ ಕೈಗುಣ ಸಾಮಾನ್ಯನಾ?" ಮನೆಯಲ್ಲಿ ನಮ್ಮತ್ತೆಯೂ ಅದೇ ರಾಗ. ಒಬ್ಬರು ಚೆನ್ನಾಗಿದೆ, ಒಬ್ಬರು ಕೆಟ್ಟಿದೆ ಎಂದರೆ ಒಳ್ಳೆಯದನ್ನೇ ನಂಬಬೇಕಂತೆ. ಬಸ್ಸಿನ ಸಾಹುಕಾರರ ಕೈಗೆ ನಮ್ಮೂರ ಡಾಕ್ಟರ ಕಾಗದ ಮಾತ್ರ ಹೋಯಿತು. ವೆಲ್ಲೂರು ಯುಗಾದಿ ಆದಮೇಲೆ ನೋಡೋಣ ಎಂದಾಯಿತು.

ಅಷ್ಟೇ ಆಗಿದ್ದರೆ ಜಗಳವಾಡಿಯಾದರೂ ಗೆಲ್ಲುತ್ತಿದ್ದೆ. ಬೆಂಗಳೂರಿನ ವಿಷಯ ಯಾರಿಗೂ ಬಾಯಿಬಿಡುವುದಿಲ್ಲ ಎಂದು ಇವರು ದೇವರ ಮುಂದೆ ನನ್ನ ಕೈಲಿ ತಾಳಿ ಮುಟ್ಟಿಸಿ ಆಣೆ ಮಾಡಿಸಿಕೊಂಡರು. ಸ್ಟೀರಿಂಗ್ ಬಿಡಿಸಿದರೆ ಸಾಹುಕಾರರು ಬೇರೆ ಕೆಲಸ ಕೊಡುವವರಲ್ಲ, ಗೊತ್ತು. ಆದರೆ ಅದಕ್ಕಿಂತ ಹೆಚ್ಚಾಗಿ, ಡ್ರೈವರ್ ಮುನಿವೆಂಕಟಪ್ಪನಿಗೆ ಎದೆ ಇಲ್ಲವಂತೆ ಎಂದು ಸ್ಟ್ಯಾಂಡಿನಲ್ಲಿ ಆಡಿಕೊಳ್ಳುತ್ತಾರೆ ಎಂಬುದೇ ಇವರಿಗೆ ದೊಡ್ಡದು. ನಾನು ಬಾಯಿಬಿಟ್ಟಿಲ್ಲ ಅಕ್ಕ, ಬರೆಯುತ್ತಿದ್ದೇನೆ ಅಷ್ಟೇ. ದೇವರು ಇಷ್ಟಾದರೂ ಒಪ್ಪಿಕೊಳ್ಳಲಿ. ಹೀಗೆ ಬರೆಯುವಾಗಲೂ ಎಡಗೈ ಕೊರಳಿಗೆ ಹೋಗುತ್ತಿದೆ.

ಮೊನ್ನೆ ಭಾನುವಾರ ಮನಸ್ಸು ತಡೆಯದೆ, ಹುಣಸೆಹಣ್ಣು ತರುತ್ತೇನೆಂದು ಸುಳ್ಳು ಹೇಳಿ ಇವರ ಬಸ್ಸಿಗೇ ಹತ್ತಿದೆ. ಹಿಂದಿನ ಸೀಟಿನಲ್ಲಿ ಕೂತು ಇವರ ಬೆನ್ನನ್ನೇ ನೋಡುತ್ತಿದ್ದೆ. ಸಾಸಲಿಗೆ ಬಂದೂ ನಿನ್ನ ಮನೆಗೆ ಬರಲಿಲ್ಲ, ನಿನ್ನ ಮುಖ ಕಂಡರೆ ಅತ್ತುಬಿಡುತ್ತಿದ್ದೆ. ವಾಪಸ್ಸು ಬರುವಾಗ ಬಸ್ಸು ಭರ್ತಿ, ಹೂವಿನ ಬುಟ್ಟಿಯವರು, ಕೋಳಿ ಹಿಡಿದವರು. ಕೆರೆ ಏರಿಯ ಮೇಲೆ ಎದುರಿಗೆ ಎತ್ತಿನ ಗಾಡಿ ಬಂತು. ಇವರು ಜೋರಾಗಿ ಚಕ್ರ ಎಳೆದು ಪಕ್ಕಕ್ಕೆ ತಿರುಗಿಸಿದರು. ತಿರುಗಿಸಿದ ಬಲಗೈ ಚಕ್ರ ಬಿಟ್ಟು ಎದೆಗೆ ಹೋಯಿತು. ಬಸ್ಸು ನೀರಿನ ಕಡೆಗೆ ವಾಲಿತು.

"ಏನಣ್ಣಾ, ತೂಕಡಿಸ್ಬಿಟ್ಯಾ?" ಎಂದು ಬೈರಪ್ಪ ಕೂಗಿದ.

"ಇಲ್ಲ ಕಣೋ, ಸೊಳ್ಳೆ" ಎಂದು ಇವರು ಬಸ್ಸನ್ನು ದಾರಿಗೆ ತಂದರು. ಜನರೆಲ್ಲ ನಕ್ಕರು. ಕನ್ನಡಿಯಲ್ಲಿ ಇವರ ಮುಖ ಕಾಣುತ್ತಿತ್ತು. ಮರದ ಮೆಟ್ಟಿಲಿನ ಮೇಲೆ ನೋಡಿದ ಅದೇ ಬೂದಿ ಬಣ್ಣ. ಕೂತವನಿಗೆ ಏನೂ ಆಗುವುದಿಲ್ಲ ಎನ್ನುತ್ತಿದ್ದರಲ್ಲ, ಕೂತೇ ಇದ್ದರು. ಆಮೇಲೆ ಕೇಳಿದ್ದಕ್ಕೆ ನನ್ನ ಮೇಲೇ ರೇಗಿದರು. ಅವತ್ತಿನಿಂದ ಬಸ್ಸು ಹಿಂದಿರುಗುವ ಹೊತ್ತಿಗೆ ನಾನು ಬೀದಿ ಬಾಗಿಲಲ್ಲಿ ನಿಂತಿರುತ್ತೇನೆ. ಹಾರನ್ ಕೇಳುವ ತನಕ ಒಲೆ ಮೇಲಿನದು ಸೀದರೂ ಗೊತ್ತಾಗುವುದಿಲ್ಲ. ನನಗೆ ಬಹಳ ಹೆದರಿಕೆ ಅಕ್ಕ.

ಭಾವನವರು ಏನಾದರೂ ನೆಪ ಮಾಡಿಕೊಂಡು ಬಂದು ಇವರನ್ನು ವೆಲ್ಲೂರಿಗೆ ಹೊರಡಿಸಿದರೆ ಆಗಬಹುದು. ಅವರ ಮಾತಿಗೆ ಇವರು ಎದುರಾಡುವುದಿಲ್ಲ. ಭಾವನವರಿಗೆ ನನ್ನ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ನಾನು ಮುತ್ತೈದೆಯಾಗಿಯೇ ಇರಲೆಂದು ನೀನು ಬಾಯಿತುಂಬ ಹರಸು.

ನಿನ್ನ ತಂಗಿ
ರುಕ್ಮಿಣಿ

ಮರೆತ ಮಾತು: ಮರೆತದ್ದಲ್ಲ, ಇದನ್ನು ಬರೆಯಲೆಂದೇ ಕೂತದ್ದು. ನಿನ್ನ ವನಜಾ ಹೈಸ್ಕೂಲಿಗೆ ಬೆಳಗಿನ ಹೊತ್ತು ಇವರ ಬಸ್ಸಿಗೇ ಬರುತ್ತಾಳಲ್ಲ, ಈ ಕಾಗದ ಕೈಸೇರಿದ ಮಾರನೆಯ ದಿನದಿಂದಲೇ ಅವಳನ್ನು ಅದಕ್ಕೆ ಹತ್ತಿಸಬೇಡ. ಜ್ವರ ಅನ್ನು, ಏನಾದರೂ ಅನ್ನು. ಕಟ್ಟಿಕೊಂಡ ಗಂಡನ ಬಸ್ಸಿಗೆ ಹತ್ತಬೇಡ ಎಂದು ಹೆಂಡತಿಯಾದವಳು ಬರೆಯುತ್ತಿದ್ದೇನೆ. ನೀನು ನನ್ನ ಅಕ್ಕ, ನಿನಗೆ ಬರೆದೆ. ಅದೇ ಬಸ್ಸಿಗೆ ಊರೂರಿನಿಂದ ಬೇರೆ ಮಕ್ಕಳೂ ಹತ್ತುತ್ತಾರೆ. ಆ ತಾಯಂದಿರಿಗೆ ನಾನು ಏನೆಂದು ಬರೆಯಲಿ?