ಹಿಂದಿನ ಸ್ನಾಯು ಸುಮ್ಮನಿದ್ದ ದಿನ

ಫೆಬ್ರವರಿ 11, ಮಂಗಳವಾರ. ಅಹಮದಾಬಾದ್.

ಸಂತೋಷಕ್ಕೆ ಅಕ್ಷರಗಳು ಓರೆಯಾಗುತ್ತಿವೆ. ಸೆರೆಬ್ರಲ್ ಪಾಲ್ಸಿ ಇರುವ ಮಗಳು ವಿಂಧ್ಯಾಳ ಸ್ನಾಯುಗಳು ಒಂದೊಂದಾಗಿ ಅವಳ ಮಾತು ಕೇಳಿದರೆ ಮಾತ್ರ ಆಪರೇಷನ್‌ನಿಂದ ನಡಿಗೆ ಸುಧಾರಿಸೀತು ಎಂದಿದ್ದರು ಡಾಕ್ಟರು. ಇಂದು ಅವಳ ಕಾಲಿನ ಮುಂದೆ, ಹಿಂದೆ ತಂತಿ ಅಂಟಿಸಿದರು; ಯಾವ ಸ್ನಾಯು ಬಿಗಿದರೂ ಪರದೆಯಲ್ಲಿ ಅದರ ಗೆರೆ ಏಳುತ್ತದೆ. ಪಾದ ಎತ್ತುವಾಗ ಹಿಂದಿನ ಸ್ನಾಯು ಸುಮ್ಮನಿರಬೇಕು. ನಾನು ಹದಿನಾರು ವರ್ಷಗಳ ರೂಢಿಯಂತೆ ಪಕ್ಕದಲ್ಲೇ ನಿಂತು, "ಎತ್ತು ಪುಟ್ಟಿ, ಇನ್ನೂ ಎತ್ತು" ಎಂದೆ. ಪರದೆಯಲ್ಲಿ ಎರಡೂ ಗೆರೆಗಳು ಒಟ್ಟಿಗೆ ನೆಗೆದವು.

"ಪಪ್ಪಾ, ಪ್ಲೀಸ್, ಬಾಹರ್ ಹೋಗು. ಕಾಲು ನಂದು," ಎಂದಳು.

ಬಾಗಿಲಿನ ಗಾಜಿನಾಚೆಯಿಂದ ನೋಡಿದೆ. ಮುಂದಿನ ಸ್ನಾಯುವಿನ ಗೆರೆಯೊಂದೇ ಎದ್ದಿತು.

"ಬಹು ಸರಸ್! ಆಪರೇಷನ್ ಕರೀಶು," ಎಂದು ಗುಜರಾತಿಯಲ್ಲಿ ಮೆಚ್ಚಿ, ಆಪರೇಷನ್‌ಗೆ ಒಪ್ಪಿಗೆ ಕೊಡುತ್ತ ಡಾಕ್ಟರು ಬಾಗಿಲು ತೆರೆದರು.

ಮಗಳು ಹೊರಗೆ ಕಳಿಸಿದ್ದಕ್ಕೆ ನನಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ನಾಳೆಯಿಂದ ಬಾಯಿ ಮುಚ್ಚಿ, ಅವಳಿಂದ ನಾಲ್ಕು ಹೆಜ್ಜೆ ದೂರ ನಡೆಯುವುದನ್ನು ನಾನು ಕಲಿಯಬೇಕು. ಅದಕ್ಕೆ ಎಷ್ಟು ದಿನ ಬೇಕೋ ಗೊತ್ತಿಲ್ಲ.